ಸೀಕ್ವೆಸ್ಟ್ರೇಷನ್ ಪದವನ್ನು ನಾನು ಕನ್ನಡಕ್ಕೆ ತಂದ ಬಗೆ

ಗಾಂಧಿನಗರದಲ್ಲಿ ಕುಳಿತು ವಕೀಲರ ಮತ್ತು ಆಸ್ಪತ್ರೆಗಳ ಕಾಗದಪತ್ರಗಳನ್ನು ಕನ್ನಡಕ್ಕೆ ತರುವ ನಾನು, ಸೀಕ್ವೆಸ್ಟ್ರೇಷನ್ ಎಂಬ ಈ ಒಂದು ಇಂಗ್ಲಿಷ್ ಪದದಿಂದ ಸುಮಾರು 12,000 ರೂಪಾಯಿ ಕಳೆದುಕೊಂಡಿದ್ದೇನೆ. ಕೋರ್ಟಿನಲ್ಲಿ ಅದು ಆಸ್ತಿಯನ್ನು ವಶಕ್ಕೆ ಪಡೆಯುವುದು, ಆಸ್ಪತ್ರೆಯಲ್ಲಿ ದೇಹದೊಳಗಿನದೇನೋ ಬೇರ್ಪಡುವುದು ಅಥವಾ ಒಂದೆಡೆ ಸಿಕ್ಕಿಕೊಳ್ಳುವುದು. ಅಪಘಾತ ಪರಿಹಾರದ ಪ್ರಕರಣವೊಂದರ ಎಂಆರ್‌ಐ ವರದಿಯಲ್ಲಿ 'ಸೀಕ್ವೆಸ್ಟರ್ಡ್ ಡಿಸ್ಕ್' ಎಂದಿತ್ತು. ಕೋರ್ಟು ಕಾಗದಗಳಲ್ಲೇ ಪಳಗಿದ ಕೈ 'ಮುಟ್ಟುಗೋಲಾದ ಡಿಸ್ಕ್' ಎಂದು ಬರೆದುಬಿಟ್ಟಿತು. ಬೆನ್ನುಮೂಳೆಯ ಡಿಸ್ಕಿನ ತಿರುಳಿನ ಚೂರೊಂದು ಹೊರಬಂದು ಪೂರ್ತಿ ಕಳಚಿಕೊಂಡಿದೆ ಎಂಬುದು ಆ ಇಂಗ್ಲಿಷ್ ಮಾತಿನ ಅರ್ಥ. 40 ಪುಟಗಳ ಕಟ್ಟು ಹಾಗೆಯೇ ವಾಪಸು ಬಂತು. ಪುಟಕ್ಕೆ 250ರಂತೆ ಬರಬೇಕಿದ್ದ ಹಣ ಹೋಯಿತು, ಮರುಬೆರಳಚ್ಚು ಮತ್ತು ನೋಟರಿಯ ಖರ್ಚೂ ನನ್ನ ತಲೆಗೇ ಬಂತು.

ಆಮೇಲೆ ಎಲ್ಲೆಡೆಯೂ 'ಪ್ರತ್ಯೇಕೀಕರಣ' ಎಂದು ಹಾಕಿ ನೋಡಿದೆ. ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗುವ ಸಿಕಲ್ ಸೆಲ್ ರೋಗದ ಮಕ್ಕಳಲ್ಲಿ ರಕ್ತ ಗುಲ್ಮದೊಳಗೇ ತುಂಬಿ ನಿಂತು, ಹಿಮೋಗ್ಲೋಬಿನ್ ಮಾಮೂಲಿಗಿಂತ ಡೆಸಿಲೀಟರಿಗೆ 2 ಗ್ರಾಂ ಅಥವಾ ಅದಕ್ಕೂ ಹೆಚ್ಚು ದಿಢೀರನೆ ಕುಸಿಯುವುದುಂಟು; ವೈದ್ಯರು ಇದನ್ನೂ ಸೀಕ್ವೆಸ್ಟ್ರೇಷನ್ ಎನ್ನುತ್ತಾರೆ. ನಾನು ಬರೆದುಕೊಟ್ಟ 'ಗುಲ್ಮದ ಪ್ರತ್ಯೇಕೀಕರಣ'ವನ್ನು ಓದಿದ ತಾಯಿಯೊಬ್ಬರು, ಮಗುವಿನ ಹೊಟ್ಟೆ ಕೊಯ್ದು ಗುಲ್ಮವನ್ನು ತೆಗೆಯುತ್ತಾರೆಂದು ತಿಳಿದು, ಹಾಳೆಯನ್ನು ಮಡಿಲಲ್ಲಿಟ್ಟುಕೊಂಡು ಅಳತೊಡಗಿದರು. ಆ ಪದವನ್ನು ಅಂದೇ ಕೈಬಿಟ್ಟೆ.

ಲ್ಯಾಟಿನ್ನಿನಲ್ಲಿ 'ಸೀಕ್ವೆಸ್ಟರ್' ಎಂದರೆ ವ್ಯಾಜ್ಯದ ವಸ್ತುವನ್ನು ಇತ್ಯರ್ಥವಾಗುವವರೆಗೆ ತನ್ನ ವಶದಲ್ಲಿಟ್ಟುಕೊಳ್ಳುವ ಮೂರನೆಯವನು. ಅಲ್ಲಿಂದ ದಾರಿ ಕಂಡಿತು: ಯಾವುದು, ಎಲ್ಲಿಂದ ಬೇರೆಯಾಗಿದೆ, ಈಗ ಯಾವುದರ ಹಿಡಿತದಲ್ಲಿದೆ ಎಂದು ಕೇಳಿಕೊಂಡು ಆ ಸಂಗತಿಯನ್ನೇ ಬರೆಯುವುದು. "ಇದು ವಿವರಣೆ ಕಣಮ್ಮ, ಅನುವಾದವಲ್ಲ" ಎಂದು ಹಿರಿಯರೊಬ್ಬರು ತಳ್ಳಿಹಾಕಿದ್ದರು. ಆದರೂ ಗುಲ್ಮದ್ದು 'ಗುಲ್ಮದಲ್ಲಿ ರಕ್ತ ಸಿಕ್ಕಿಕೊಳ್ಳುವುದು' ಆಯಿತು, ಸೀಕ್ವೆಸ್ಟ್ರಂ 'ಸತ್ತು ಬೇರ್ಪಟ್ಟ ಮೂಳೆಚೂರು' ಆಯಿತು. ನಡುವೆ ಔಷಧಿ ಚೀಟಿಗಳ ಮೇಲೂ ಪ್ರಯೋಗ ನಡೆಸಿದೆ. ಕೊಲೆಸ್ಟ್ರಾಲ್ ಇಳಿಸುವ ಔಷಧಿಯಾದ ಕೊಲೆಸ್ಟಿರಮೈನಿಗೆ 'ಪಿತ್ತಾಮ್ಲವನ್ನು ಹಿಡಿದಿಡುವ ಪುಡಿ' ಎಂದು ಬರೆದದ್ದು ನಮ್ಮ ಬೀದಿಯ ಔಷಧಿ ಅಂಗಡಿಯವರಿಗೆ ಒಂದೇ ಓದಿಗೆ ತಿಳಿಯಿತು.

ಕಾನೂನಿನ ಪದ ಇನ್ನೂ ಜಾರುತ್ತದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 38ನೇ ಆದೇಶದಲ್ಲಿರುವುದು ತೀರ್ಪಿಗೆ ಮೊದಲಿನ ಜಪ್ತಿ, 40ನೇ ಆದೇಶದಲ್ಲಿರುವುದು ರಿಸೀವರ್ ನೇಮಕ, ಅಂದರೆ ವ್ಯಾಜ್ಯದ ಆಸ್ತಿಯನ್ನು ನೋಡಿಕೊಳ್ಳಲು ಕೋರ್ಟು ಒಬ್ಬರನ್ನು ನೇಮಿಸುವುದು. ಮೂಲದಲ್ಲಿ ಸೀಕ್ವೆಸ್ಟ್ರೇಷನ್ ಎಂದಿದ್ದಾಗ ಈ ಎರಡರಲ್ಲಿ ಯಾವುದಕ್ಕೆ ಹತ್ತಿರವೆಂದು ನೋಡದೆ ಬರೆಯಬಾರದು. ಸ್ಕಾಟ್ಲೆಂಡಿನಿಂದ ಬಂದ ಕಾಗದದಲ್ಲಾದರೆ ಅದು ಸಾಮಾನ್ಯವಾಗಿ ವ್ಯಕ್ತಿಯ ದಿವಾಳಿ ಪ್ರಕ್ರಿಯೆಯಾಗಿರುತ್ತದೆ. ಎರಡೂ ಕ್ಷೇತ್ರಗಳು ಬೆರೆತ ಕಡತದಲ್ಲಿ ನಾನು ಹಾಕಿಕೊಳ್ಳುವ ಗುರುತುಗಳನ್ನು ಮಾತ್ರ ಇಲ್ಲಿ ಬಿಚ್ಚಿಡಲಾರೆ, ನನ್ನ ಅನ್ನ ಅದರಲ್ಲಿದೆ.

ಕಟ್ಟನ್ನು ಹಿಂದಿರುಗಿಸಿದ್ದ ಅದೇ ವಕೀಲರು ಈಗ ಪುಟಕ್ಕೆ 400 ಕೊಡುತ್ತಾರೆ, ಡಿಸ್ಕಿನ ವರದಿಗಳನ್ನು ಬೇರೆಯವರಿಗೆ ಕಳುಹಿಸುವುದಿಲ್ಲ.