ಹೆಸರುಮೊಳಕೆಯ ಮೈಟೊಕಾಂಡ್ರಿಯದಲ್ಲಿ ಪೊರೆಯ ಊತವನ್ನು ಅಳೆಯುವ ಕ್ರಮ

ಕೋಶಕ್ಕೆ ಶಕ್ತಿಯೊದಗಿಸುವ ಮೈಟೊಕಾಂಡ್ರಿಯವು ಕ್ಯಾಲ್ಸಿಯಂ ಮತ್ತು ಉತ್ಕರ್ಷಣ ಒತ್ತಡದಿಂದ ಎಷ್ಟು ಊದಿಕೊಳ್ಳುತ್ತದೆಂದು ಅಳೆಯುವ ಪ್ರಯೋಗವಿದು. ಕಾಸರಗೋಡಿನ ಕಡೆಯ ವಿದ್ಯಾರ್ಥಿಗಳಿಗೆ ಮನೆಯ ತೋಟದ ಅಡಿಕೆಯಿಂದಲೇ ಮೈಟೊಕಾಂಡ್ರಿಯವನ್ನು ಬೇರ್ಪಡಿಸಬೇಕೆಂದು ಅನಿಸುವುದು ಸಹಜ. ಆದರೆ ಅಡಿಕೆಯ ಟ್ಯಾನಿನ್ ಅರೆಯುವಾಗಲೇ ಪ್ರೋಟೀನುಗಳಿಗೆ ಅಂಟಿಕೊಂಡು ಪೊರೆಯನ್ನು ಕೆಡಿಸುವುದರಿಂದ ಹೆಸರುಕಾಳಿನಿಂದ ತೊಡಗುವುದು ಲೇಸು. ನೆನೆಸಿದ ಕಾಳನ್ನು ನಾಲ್ಕು ದಿನ ಕತ್ತಲಲ್ಲಿ ಮೊಳೆಯಿಸಿದರೆ ದೊರೆಯುವ ಬಿಳಿಯ ಎಳೆಕಾಂಡದಲ್ಲಿ ಬೆಳೆದ ಕ್ಲೋರೋಪ್ಲಾಸ್ಟ್‌ಗಳ ಬೆರಕೆ ಇರುವುದಿಲ್ಲ.

50 ಗ್ರಾಂ ಎಳೆಕಾಂಡವನ್ನು 100 ಮಿಲಿಲೀಟರ್ ತಣ್ಣನೆಯ ದ್ರಾವಣದಲ್ಲಿ, ಮಂಜುಗಡ್ಡೆಯ ಮೇಲಿಟ್ಟ ಕಲ್ಲಿನಲ್ಲಿ ಮೃದುವಾಗಿ ಅರೆಯಬೇಕು. ದ್ರಾವಣದಲ್ಲಿ 0.3 ಮೋಲಾರ್ ಸುಕ್ರೋಸ್ (ಶುದ್ಧ ಸಕ್ಕರೆ), ಪಿಎಚ್ 7.4ರ ಬಫರ್, ಲೋಹದ ಅಯಾನುಗಳನ್ನು ಹಿಡಿದಿಡುವ 1 ಮಿಲಿಮೋಲಾರ್ ಇಡಿಟಿಎ, ಶೇ. 0.1ರಷ್ಟು ಆಲ್ಬುಮಿನ್ ಮತ್ತು ಸ್ವಲ್ಪ ಸಿಸ್ಟೀನ್ ಇರಲಿ. ಅಂಗಡಿಯ ಸಕ್ಕರೆ ಬೇಡ. ಕಾರ್ಖಾನೆಯಲ್ಲಿ ಕಬ್ಬಿನ ಹಾಲನ್ನು ತಿಳಿಗೊಳಿಸಲು ಸುಣ್ಣ ಹಾಕಿರುತ್ತಾರೆ, ಅದರ ಕ್ಯಾಲ್ಸಿಯಂ ಅಲ್ಪಸ್ವಲ್ಪ ಉಳಿದಿರಬಹುದು, ಇಲ್ಲಿ ಅಳೆಯಹೊರಟಿರುವುದೂ ಕ್ಯಾಲ್ಸಿಯಂನ ಪರಿಣಾಮವನ್ನೇ. ನಾಲ್ಕು ಮಡಿಕೆಯ ಮಸ್ಲಿನ್ ಬಟ್ಟೆಯಲ್ಲಿ ಸೋಸಿ, ಗುರುತ್ವದ 1,000 ಪಟ್ಟು ಬಲದಲ್ಲಿ ಹತ್ತು ನಿಮಿಷ ಸೆಂಟ್ರಿಫ್ಯೂಜ್ ಮಾಡಿ ಗಸಿಯನ್ನು ಚೆಲ್ಲಬೇಕು. ಮೇಲಿನ ತಿಳಿಯನ್ನು 12,000 ಪಟ್ಟು ಬಲದಲ್ಲಿ ಹದಿನೈದು ನಿಮಿಷ ತಿರುಗಿಸಿದಾಗ ತಳಕ್ಕಿಳಿಯುವ ಗಸಿಯಲ್ಲಿ ಮೈಟೊಕಾಂಡ್ರಿಯಗಳಿರುತ್ತವೆ.

ಬಹಳಷ್ಟು ಪ್ರಯೋಗಗಳು ಸೋಲುವುದು ಇದರ ಮುಂದಿನ ಹಂತದಲ್ಲಿ. ಇಡಿಟಿಎಯ ಒಂದು ಅಣು ಕ್ಯಾಲ್ಸಿಯಂನ ಒಂದು ಅಯಾನನ್ನು ಹಿಡಿದಿಟ್ಟುಕೊಳ್ಳುವುದರಿಂದ, ಅರೆದ ದ್ರಾವಣ ಉಳಿದುಕೊಂಡರೆ ನಾವು ಹಾಕಿದ ಕ್ಯಾಲ್ಸಿಯಂನ ಒಂದು ಪಾಲು ಪೊರೆಯನ್ನು ಮುಟ್ಟುವುದೇ ಇಲ್ಲ, ಆಗ ಪೊರೆ ಬಹಳ ಗಟ್ಟಿಯಾಗಿದೆಯೆಂಬ ತಪ್ಪು ತೀರ್ಮಾನಕ್ಕೆ ಬರುತ್ತೇವೆ. ಆದ್ದರಿಂದ ಇಡಿಟಿಎ ಇಲ್ಲದ ದ್ರಾವಣದಲ್ಲಿ ಎರಡು ಬಾರಿ ತೊಳೆಯಲೇಬೇಕು.

ಅಳತೆಯ ದ್ರಾವಣಕ್ಕೆ 5 ಮಿಲಿಮೋಲಾರ್ ಸಕ್ಸಿನೇಟ್ ಮತ್ತು 1 ಮಿಲಿಮೋಲಾರ್ ಫಾಸ್ಫೇಟ್ ಸೇರಿಸಿ, 540 ನ್ಯಾನೋಮೀಟರ್‌ನಲ್ಲಿ ಬೆಳಕಿನ ಹೀರಿಕೆ ಸುಮಾರು 0.8 ಆಗುವಷ್ಟು ಮೈಟೊಕಾಂಡ್ರಿಯವನ್ನು ಹಾಕಬೇಕು. ಊದಿಕೊಂಡ ಮೈಟೊಕಾಂಡ್ರಿಯ ಬೆಳಕನ್ನು ಕಡಿಮೆ ಚದುರಿಸುವುದರಿಂದ ಈ ಅಂಕಿ ಇಳಿಯುತ್ತದೆ. ಕ್ಯಾಲ್ಸಿಯಂ ಕ್ಲೋರೈಡನ್ನು 0.1ರಿಂದ 1 ಮಿಲಿಮೋಲಾರ್‌ವರೆಗೆ ಹಂತಹಂತವಾಗಿ ಏರಿಸಿ ನೋಡಬಹುದು. ಆದರೆ ಕ್ಯಾಲ್ಸಿಯಂ ಫಾಸ್ಫೇಟ್ ಗಸಿಗಟ್ಟಿದರೆ ದ್ರಾವಣ ಕದಡಿ ಊತವನ್ನು ಮರೆಮಾಡುವುದರಿಂದ, ಮೈಟೊಕಾಂಡ್ರಿಯವಿಲ್ಲದ ಒಂದು ಕ್ಯುವೆಟ್ಟನ್ನೂ (ಅಳತೆಯ ಪಾರದರ್ಶಕ ಪಾತ್ರೆ) ಜತೆಗಿಟ್ಟು ಅಳೆಯಬೇಕು. ಜೀವಂತ ಕೋಶದ್ರವದಲ್ಲಿ ಮುಕ್ತ ಕ್ಯಾಲ್ಸಿಯಂ ಸುಮಾರು 0.1 ಮೈಕ್ರೋಮೋಲಾರ್ ಮಾತ್ರ. ಇಲ್ಲಿ ಹಾಕುವುದು ಅದಕ್ಕಿಂತ ಬಹಳ ಹೆಚ್ಚು, ಆದ್ದರಿಂದ ಈ ಅಂಕಿಗಳನ್ನು ತೋಟಕ್ಕೆ ಹಾಕುವ ಸುಣ್ಣದೊಂದಿಗೆ ತಳುಕುಹಾಕಬಾರದು.

ಉತ್ಕರ್ಷಣ ಒತ್ತಡಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಸಾಕು. ಶೇ. 3ರ ದ್ರಾವಣ ಸುಮಾರು 0.88 ಮೋಲಾರ್ ಆಗಿರುತ್ತದೆ. ಅದನ್ನು ಬಳಸುವ ಹೊತ್ತಿಗೇ ತೆಳುಮಾಡಿ, ಕ್ಯುವೆಟ್‌ನಲ್ಲಿ 1 ಮಿಲಿಮೋಲಾರ್ ಆಗುವಂತೆ, ಕ್ಯಾಲ್ಸಿಯಂಗಿಂತ ಎರಡು ನಿಮಿಷ ಮೊದಲು ಹಾಕಬೇಕು. ಬೆರಕೆಯಾಗಿ ಬಂದ ಕೆಟಲೇಸ್ ಎಂಬ ಕಿಣ್ವ ಅದನ್ನು ಬೇಗ ಒಡೆಯುವುದರಿಂದ ತಡಮಾಡುವಂತಿಲ್ಲ. ಏನೂ ಹಾಕದ್ದು, ಕ್ಯಾಲ್ಸಿಯಂ ಮಾತ್ರ, ಪೆರಾಕ್ಸೈಡ್ ಮಾತ್ರ, ಎರಡೂ ಹಾಕಿದ್ದು ಎಂಬ ನಾಲ್ಕನ್ನೂ ಒಂದೇ ದಿನ, ಒಂದೇ ತಯಾರಿಯಿಂದ ಅಳೆಯಬೇಕು. ಎರಡೂ ಸೇರಿದಾಗಿನ ಇಳಿತ ಬಿಡಿಬಿಡಿ ಇಳಿತಗಳ ಮೊತ್ತವನ್ನು ಮೀರಿದರೆ, ಪೊರೆಯ ಪ್ರೋಟೀನುಗಳ ಥಯೋಲ್ (ಗಂಧಕ-ಹೈಡ್ರೋಜನ್) ಗುಂಪುಗಳು ಉತ್ಕರ್ಷಣಗೊಂಡುದರಿಂದ ಪೊರೆ ಕ್ಯಾಲ್ಸಿಯಂಗೆ ಬೇಗ ಮಣಿಯುತ್ತಿದೆಯೆಂದು ಸಂಶಯಿಸಬಹುದು. ಥಯೋಲ್‌ಗಳನ್ನು ಮರಳಿ ಅಪಕರ್ಷಿಸುವ ಡೈಥಯೋತ್ರೀಟಾಲ್ ಹಾಕಿದಾಗ ಇಳಿತ ಕುಗ್ಗಿದರೆ ಆ ಸಂಶಯಕ್ಕೆ ಬಲ ಬರುತ್ತದೆ. ಕ್ಯಾಲ್ಸಿಯಂ ಅನ್ನು ಹಿಡಿದಿಡುವ ಇಜಿಟಿಎ ಹಾಕಿಯೂ ಊತ ನಿಲ್ಲದಿದ್ದರೆ ಕಾರಣ ಕ್ಯಾಲ್ಸಿಯಂ ಅಲ್ಲ. ಪ್ರಾಣಿಗಳ ಮೈಟೊಕಾಂಡ್ರಿಯದಲ್ಲಿ ಊತವನ್ನು ತಡೆಯುವ ಸೈಕ್ಲೋಸ್ಪೊರಿನ್‌ ಎಲ್ಲ ಸಸ್ಯಗಳಲ್ಲೂ ಒಂದೇ ಬಗೆಯಲ್ಲಿ ಕೆಲಸ ಮಾಡುವುದಿಲ್ಲವಾದ್ದರಿಂದ ಅದೊಂದನ್ನೇ ನೆಚ್ಚಿಕೊಳ್ಳಬಾರದು. ಕೊನೆಗೆ ಪ್ರತಿ ಕ್ಯುವೆಟ್ಟಿಗೂ ಪೊರೆಯಲ್ಲಿ ರಂಧ್ರ ಕೊರೆಯುವ ಅಲಮೆಥಿಸಿನ್ ಹಾಕಿ, ಆಗ ಕಾಣುವ ಪೂರ್ಣ ಇಳಿತವನ್ನು ನೂರೆಂದು ಹಿಡಿದು ಉಳಿದವುಗಳನ್ನು ಶೇಕಡಾವಾರು ಬರೆದಿಡಬೇಕು.