ಜ್ಯೂರಿಕ್‌ನಲ್ಲಿ ಇಳಿದು ವೆಂಗನ್‌ಗೆ ರೈಲು: ಹಾಸನ, ಚಿಕ್ಕಮಗಳೂರಿನಿಂದ ಹೊರಡುವವರಿಗೆ

ಸ್ವಿಟ್ಜರ್‌ಲೆಂಡಿನ ವೆಂಗನ್‌ಗೆ ಕಾರಿನಲ್ಲಿ ಹೋಗಲಾಗುವುದಿಲ್ಲ. ಸಮುದ್ರಮಟ್ಟದಿಂದ 1274 ಮೀಟರ್ ಎತ್ತರದಲ್ಲಿ, ಬಂಡೆಯ ಅಂಚಿನ ಮೇಲೆ ಕುಳಿತಿರುವ ಊರು ಅದು. ಹೋಗುವುದಾದರೆ ಹಲ್ಲುಕಂಬಿಯ ರೈಲಿನಲ್ಲೇ ಹೋಗಬೇಕು. ಜ್ಯೂರಿಕ್ ವಿಮಾನ ನಿಲ್ದಾಣದಿಂದ ಸುಮಾರು ಮೂರು ಗಂಟೆಯ ದಾರಿ. ಬರ್ನ್, ಇಂಟರ್‌ಲಾಕನ್ ಓಸ್ಟ್, ಲೌಟರ್‌ಬ್ರುನ್ನನ್, ಹೀಗೆ ಮೂರು ಕಡೆ ರೈಲು ಬದಲಿಸಬೇಕು. ಮೂರು ಸಲ ಎಂದ ಕೂಡಲೇ ಗಾಬರಿಯಾಗಬೇಡಿ. ಅರಸೀಕೆರೆ ಜಂಕ್ಷನ್‌ನಲ್ಲಿ ಲಿಂಕ್ ರೈಲಿಗೆ ಕಾದು ಕೂತ ಅನುಭವವನ್ನು ಇಲ್ಲಿಗೆ ಅನ್ವಯಿಸುವಂತಿಲ್ಲ.

ಯಾವಾಗ ಹೊರಡಬೇಕು

ಮಕ್ಕಳಿಗೆ ರಜೆ ಎಂದು ಏಪ್ರಿಲ್ ಕೊನೆ, ಮೇ ಮೊದಲ ವಾರಗಳಲ್ಲಿ ಹೋಗುವವರೇ ಹೆಚ್ಚು. ಅಲ್ಲಿ ಅದು ಎರಡು ಸೀಸನ್‌ಗಳ ನಡುವಿನ ಬಿಡುವು. ಹಿಮದಾಟದವರು ಹೋಗಿರುತ್ತಾರೆ, ಬೇಸಿಗೆಯವರು ಬಂದಿರುವುದಿಲ್ಲ. ಎಷ್ಟೋ ಹೋಟೆಲುಗಳು ಬಾಗಿಲು ಹಾಕಿರುತ್ತವೆ, ಕೆಲವು ಕೇಬಲ್ ಕಾರುಗಳನ್ನು ರಿಪೇರಿಗೆ ನಿಲ್ಲಿಸಿರುತ್ತಾರೆ. ರಜೆಯಲ್ಲೇ ಹೋಗಬೇಕಾದರೆ ಮೇ ಕೊನೆಯ ವಾರಕ್ಕೆ ತಳ್ಳಿ. ತೋಟದವರಿಗೆ ದಸರೆಯ ಆಸುಪಾಸು ಒಳ್ಳೆಯದು: ಇಲ್ಲಿ ಮಳೆ ಇಳಿದಿರುತ್ತದೆ, ಅರೇಬಿಕಾ ಕೊಯ್ಲು ಇನ್ನೂ ಶುರುವಾಗಿರುವುದಿಲ್ಲ, ಅಲ್ಲಿ ಆಕಾಶ ಸಾಮಾನ್ಯವಾಗಿ ತಿಳಿಯಾಗಿರುತ್ತದೆ. ಅಕ್ಟೋಬರ್ ಕೊನೆ ಮುಟ್ಟಿದರೆ ಮತ್ತೆ ಬಿಡುವಿನ ಕಾಲ.

ವಿಮಾನದ ಟಿಕೆಟ್ಟಿನಲ್ಲಿ ತಾರೀಖನ್ನು ಎರಡು ಸಲ ನೋಡಿ. ಬೆಂಗಳೂರಿನಿಂದ ಯುರೋಪಿನ ಕಡೆ ಹೋಗುವ ಬಹಳಷ್ಟು ವಿಮಾನಗಳು ನಡುರಾತ್ರಿ ಕಳೆದ ಮೇಲೆ ಹೊರಡುತ್ತವೆ. 12ರ ಬೆಳಗಿನ ಜಾವ ಎರಡು ಗಂಟೆ ಎಂದಿದ್ದರೆ ನೀವು ಮನೆ ಬಿಡಬೇಕಾದದ್ದು 11ರ ಮಧ್ಯಾಹ್ನ. ಹಾಸನದಿಂದ ನೆಲಮಂಗಲದವರೆಗೆ ತೊಂದರೆಯಿಲ್ಲ, ಸಮಯ ತಿನ್ನುವುದು ಅದರಾಚೆಗೆ. ನಗರದೊಳಗೆ ನುಗ್ಗದೆ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ ಸೇರುವುದು ವಾಸಿ. ಚಿಕ್ಕಮಗಳೂರಿನಿಂದ ಕಡೂರು, ತಿಪಟೂರು, ತುಮಕೂರಿನ ದಾರಿ ಹಿಡಿದರೆ ದಾಬಸ್‌ಪೇಟೆಯಲ್ಲೇ ದೊಡ್ಡಬಳ್ಳಾಪುರದ ಕಡೆಗೆ ತಿರುಗಬಹುದು.

ಟಿಕೆಟ್: ಮೊದಲ ದಿನಕ್ಕೆ ಅಗ್ಗದ್ದು ಬೇಡ

ಸ್ವಿಸ್ ರೈಲ್ವೆಯ ಆ್ಯಪ್ ಎಸ್‌ಬಿಬಿ ಮೊಬೈಲ್. ಅದರಲ್ಲಿ ಸೂಪರ್‌ಸೇವರ್ ಎಂಬ ರಿಯಾಯಿತಿ ಟಿಕೆಟ್ ಕಾಣುತ್ತದೆ. ಬೆಲೆ ನೋಡಿ ಮನಸ್ಸು ಜಾರುವುದು ಸಹಜ. ಆದರೆ ಆ ಟಿಕೆಟ್ ಅದೇ ದಿನದ, ಅದೇ ಹೊತ್ತಿನ, ಅದೇ ರೈಲಿಗೆ ಮಾತ್ರ. ವಿಮಾನ ಒಂದು ಗಂಟೆ ತಡವಾದರೂ ಅದು ಬರಿ ಕಾಗದ. ಮಾಮೂಲಿ ಟಿಕೆಟ್ ಹಾಗಲ್ಲ. ನಮೂದಿಸಿದ ದಾರಿಯಲ್ಲಿ ಆ ದಿನ ಯಾವ ರೈಲಾದರೂ ಆಯಿತು, ಮರುದಿನ ಬೆಳಗಿನ ಐದರವರೆಗೂ ನಡೆಯುತ್ತದೆ. ಒಳನಾಡಿನ ಮಾಮೂಲಿ ರೈಲುಗಳಲ್ಲಿ ಸೀಟ್ ರಿಸರ್ವೇಶನ್ ಕಡ್ಡಾಯವಲ್ಲ, ವೇಟಿಂಗ್ ಲಿಸ್ಟ್ ಎಂಬುದಿಲ್ಲ. ಹಾಗಾಗಿ ಇಳಿದ ದಿನಕ್ಕೆ ಮಾಮೂಲಿ ಟಿಕೆಟ್ ಇಲ್ಲವೇ ಪಾಸ್ ಇರಲಿ. ಸೂಪರ್‌ಸೇವರ್ ಬೇಕಾದರೆ ನಡುವಿನ ದಿನಗಳ ಸುತ್ತಾಟಕ್ಕೆ ಇಟ್ಟುಕೊಳ್ಳಿ.

ಪ್ರವಾಸಿಗಳಿಗೆ ಮುಖ್ಯವಾಗಿ ಎರಡು ಆಯ್ಕೆ. ಸ್ವಿಸ್ ಟ್ರಾವೆಲ್ ಪಾಸ್ 3, 4, 6, 8 ಅಥವಾ 15 ದಿನಕ್ಕೆ ಸಿಗುತ್ತದೆ. ರೈಲು, ಬಸ್ಸು, ದೋಣಿ ಎಲ್ಲವೂ ಅದರೊಳಗೆ. ಹಾಫ್ ಫೇರ್ ಕಾರ್ಡ್ ಕೊಂಡರೆ ಒಂದು ತಿಂಗಳು ಬಹುಪಾಲು ಟಿಕೆಟ್ ಅರ್ಧ ಬೆಲೆಗೆ. ದಿನಕ್ಕೊಂದು ಊರು ಸುತ್ತುವವರಿಗೆ ಪಾಸ್ ಸರಿ. ವೆಂಗನ್‌ನಲ್ಲೇ ನಾಲ್ಕೈದು ದಿನ ಬಿಡಾರ ಹೂಡಿ ಯುಂಗ್‌ಫ್ರಾವ್‌ಯೋಖ್ ಎಂಬ ಬೆಟ್ಟದ ಮೇಲಿನ ರೈಲು ನಿಲ್ದಾಣಕ್ಕೆ ಹತ್ತುವವರಿಗೆ ನಮ್ಮ ಮತ ಹಾಫ್ ಫೇರ್ ಕಾರ್ಡಿಗೆ. ಕಾರಣ ಇದು: ಪಾಸ್ ವೆಂಗನ್‌ವರೆಗೆ ಪೂರ್ತಿ ನಡೆಯುತ್ತದೆ, ಅಲ್ಲಿಂದ ಮೇಲೆ 3454 ಮೀಟರ್ ಎತ್ತರದ ಆ ನಿಲ್ದಾಣಕ್ಕೆ ಬರಿ 25 ಶೇಕಡಾ ರಿಯಾಯಿತಿ. ಹಾಫ್ ಫೇರ್ ಕಾರ್ಡಿಗೆ ಅದೇ ದಾರಿಯಲ್ಲಿ ಅರ್ಧ. ಪ್ರವಾಸದಲ್ಲಿ ಅತಿ ದುಬಾರಿ ಟಿಕೆಟ್ ಅದೇ ಆದ್ದರಿಂದ ಲೆಕ್ಕ ಅಲ್ಲೇ ತಿರುಗುತ್ತದೆ.

6 ವರ್ಷ ತುಂಬದ ಮಕ್ಕಳಿಗೆ ಟಿಕೆಟ್ ಬೇಡ. 16ರೊಳಗಿನವರಿಗೆ ಸ್ವಿಸ್ ಫ್ಯಾಮಿಲಿ ಕಾರ್ಡ್ ಎಂದು ಉಚಿತ ಕಾರ್ಡ್ ಇದೆ. ಪಾಸ್ ಬುಕ್ ಮಾಡುವಾಗಲೇ ಕೇಳಿ ಪಡೆಯಿರಿ. ಒಂದು ಷರತ್ತು: ಜೊತೆಯಲ್ಲಿ ಅಪ್ಪ ಅಥವಾ ಅಮ್ಮ ಇರಬೇಕು. ಅಜ್ಜಿ, ಚಿಕ್ಕಪ್ಪ, ಅತ್ತೆ ಲೆಕ್ಕಕ್ಕಿಲ್ಲ. ಕೂಡುಕುಟುಂಬವಾಗಿ ಹೋದವರು ಅರ್ಧ ಜನ ಬೇರೆ ಕಡೆ ಹೋದ ದಿನ ಸಿಕ್ಕಿಬೀಳುವುದು ಇಲ್ಲೇ.

ಹೊರಡುವ ಮುನ್ನ ಬ್ಯಾಂಕಿನ ಆ್ಯಪ್‌ನಲ್ಲಿ ಕಾರ್ಡಿನ ವಿದೇಶಿ ಬಳಕೆಯನ್ನು ಆನ್ ಮಾಡಿ, ನಾಲ್ಕಂಕಿಯ ಪಿನ್ ನೆನಪಿದೆಯೇ ನೋಡಿ. ಓಟಿಪಿ ಬರುವುದು ಇಲ್ಲಿಯ ಸಿಮ್ಮಿಗೆ. ರೋಮಿಂಗ್ ಇಲ್ಲದಿದ್ದರೆ ಆ್ಯಪ್‌ನಲ್ಲಿ ಹಣ ಕಟ್ಟುವುದು ಅರ್ಧಕ್ಕೇ ನಿಲ್ಲುತ್ತದೆ. ನಿಲ್ದಾಣದ ಯಂತ್ರದಲ್ಲಾದರೆ ಸಾಮಾನ್ಯವಾಗಿ ಪಿನ್ ಒತ್ತಿದರೆ ಸಾಕು, ಪರದೆಯ ಭಾಷೆಯನ್ನು ಇಂಗ್ಲಿಷಿಗೆ ಬದಲಿಸಿಕೊಳ್ಳಬಹುದು. ಫೋನ್‌ಪೇ, ಗೂಗಲ್‌ಪೇ ಸ್ಕ್ಯಾನಿನ ಆಸೆ ಬೇಡ.

ಪೆಟ್ಟಿಗೆಯಲ್ಲಿ ಏನಿರಬಾರದು

ತುಪ್ಪ, ಪೇಡ, ಮೈಸೂರು ಪಾಕ್, ಹಾಲಿನ ಪುಡಿ ಬೇಡ. ಭಾರತದಂಥ ಹೊರದೇಶಗಳಿಂದ ಹಾಲು, ಮಾಂಸದ ಪದಾರ್ಥ ಒಯ್ಯಲು ಅಲ್ಲಿ ನಿಷೇಧವಿದೆ. ಹಸಿ ಕರಿಬೇವಿಗೂ ಸಸ್ಯ ತಪಾಸಣೆಯ ಪ್ರಮಾಣಪತ್ರ ಬೇಕು, ಅದೇ ಎಲೆ ಚಟ್ನಿಪುಡಿಯೊಳಗೆ ಹುರಿದು ಕೂತಿದ್ದರೆ ಬೇರೆ ಮಾತು. ಅವಲಕ್ಕಿ, ಎಣ್ಣೆಯಲ್ಲಿ ಕಾಯಿಸಿದ ಪುಳಿಯೋಗರೆ ಗೊಜ್ಜು, ಹುರಿದ ಕಾಫಿಪುಡಿ, ಸ್ಟೀಲ್ ಫಿಲ್ಟರ್ ಧಾರಾಳವಾಗಿ ಒಯ್ಯಬಹುದು. ಪುಡಿಗಳೆಲ್ಲ ಚೆಕ್-ಇನ್ ಲಗೇಜಿನಲ್ಲಿರಲಿ.

ನಮ್ಮ ದುಂಡನೆಯ ಮೂರು ಕಡ್ಡಿಯ ಪ್ಲಗ್ ಅಲ್ಲಿಯ ಸಾಕೆಟ್ಟಿಗೆ ಹೋಗುವುದಿಲ್ಲ. ಮೊಬೈಲ್ ಚಾರ್ಜರಿನ ಸಣ್ಣ ಎರಡು ಕಡ್ಡಿಯ ಪ್ಲಗ್ ಹೋಗುತ್ತದೆ. ಲ್ಯಾಪ್‌ಟಾಪಿಗೆ ಅಡಾಪ್ಟರ್ ಬೇಕು. ಕೊಳ್ಳುವಾಗ ಸ್ವಿಟ್ಜರ್‌ಲೆಂಡಿನದ್ದೇ ಎಂದು ಕೇಳಿ, ಜರ್ಮನಿಯ ದಪ್ಪ ದುಂಡು ಪ್ಲಗ್ ಅಲ್ಲಿ ಕೂರುವುದಿಲ್ಲ.

ಇಳಿದ ಮೇಲೆ

ಫ್ರಾಂಕ್‌ಫರ್ಟ್ ಅಥವಾ ಮ್ಯೂನಿಕ್ ಮೇಲೆ ಬಂದಿದ್ದರೆ ಪಾಸ್‌ಪೋರ್ಟಿನ ಸಾಲು ಅಲ್ಲೇ ಮುಗಿದಿರುತ್ತದೆ, ಜ್ಯೂರಿಕ್‌ನಲ್ಲಿ ನೇರ ಲಗೇಜಿನ ಕಡೆಗೆ. ದುಬೈ, ದೋಹಾ ಮೇಲೆ ಬಂದರೆ ಇಮಿಗ್ರೇಶನ್ ಜ್ಯೂರಿಕ್‌ನಲ್ಲಿ. 2025ರ ನವೆಂಬರಿನಿಂದ ಅಲ್ಲಿ ಬೆರಳಚ್ಚು, ಮುಖದ ಫೋಟೊ ದಾಖಲಿಸುವ ಹೊಸ ಪದ್ಧತಿ ಬಂದಿರುವುದರಿಂದ ಮೊದಲ ಸಲ ಹೋಗುವವರಿಗೆ ಇನ್ನಷ್ಟು ಹೊತ್ತು ಹಿಡಿಯಬಹುದು. ಇಳಿದ ಹೊತ್ತಿಗೆ ಒಂದೂವರೆ ಗಂಟೆ ಸೇರಿಸಿ ರೈಲಿನ ಅಂದಾಜು ಹಾಕಿ. ದೂರದ ಗೇಟುಗಳಿಂದ ಮುಖ್ಯ ಕಟ್ಟಡಕ್ಕೆ ನೆಲದಡಿಯ ಪುಟ್ಟ ರೈಲೊಂದು ಕರೆತರುತ್ತದೆ. ಸುರಂಗದಲ್ಲಿ ಹಸುಗಳ ಕೊರಳಗಂಟೆ, ಅಂಬಾ ಎನ್ನುವ ಕೂಗು ಸ್ಪೀಕರಿನಲ್ಲಿ ಕೇಳಿಸುತ್ತದೆ. ಕೊಟ್ಟಿಗೆಯ ನೆನಪಾದರೆ ತಪ್ಪಿಲ್ಲ.

ರೈಲು ನಿಲ್ದಾಣ ವಿಮಾನ ನಿಲ್ದಾಣದ ಅಡಿಯಲ್ಲೇ ಇದೆ. ಅಲ್ಲಿಯ ಲಗೇಜ್ ಗಾಡಿಯನ್ನು ಎಸ್ಕಲೇಟರ್ ಮೇಲೂ ಒಯ್ಯಬಹುದು, ಚಕ್ರ ಮೆಟ್ಟಿಲಿಗೆ ಕಚ್ಚಿಕೊಳ್ಳುವಂತೆ ಮಾಡಿದ್ದಾರೆ. ಕೆಳಗಿಳಿಯುವ ಮೊದಲು ಮೇಲಿನ ಅಂಗಡಿಯಲ್ಲಿ ಹಾಲು, ಮೊಸರು, ಬ್ರೆಡ್, ಹಣ್ಣು ತೆಗೆದುಕೊಳ್ಳಿ. ಭಾನುವಾರ ಇಳಿದಿದ್ದರೆ ಮರೆಯಲೇಬೇಡಿ: ಆ ದೇಶದಲ್ಲಿ ಭಾನುವಾರ ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ, ತೆರೆದಿರುವುದು ಮುಖ್ಯವಾಗಿ ನಿಲ್ದಾಣಗಳಲ್ಲಿ.

ಬೋರ್ಡಿನಲ್ಲಿ ವೆಂಗನ್ ಎಂದೋ ಇಂಟರ್‌ಲಾಕನ್ ಎಂದೋ ಹುಡುಕಿದರೆ ಸಾಮಾನ್ಯವಾಗಿ ಸಿಗುವುದಿಲ್ಲ. ನಿಮಗೆ ಬೇಕಾದ ಐಸಿ 1 (ಇಂಟರ್‌ಸಿಟಿ 1) ರೈಲು ಜಿನೀವಾ ಕಡೆಯದು, ಕೊನೆಯ ಊರಾಗಿ ಅದರ ಹೆಸರಿರುತ್ತದೆ. ಅದರ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ನಡುವಿನ ಊರುಗಳಿರುತ್ತವೆ, ಅಲ್ಲಿ ಬರ್ನ್ ಇದೆಯೇ ನೋಡಿ. ಪಶ್ಚಿಮಕ್ಕೇ ಹೋಗುವ ಇನ್ನೊಂದು ರೈಲು ಬೀಲ್ ಊರಿನ ಮೇಲೆ ಸಾಗುತ್ತದೆ, ಅದು ಬರ್ನ್ ಮುಟ್ಟುವುದಿಲ್ಲ. ಗ್ಲೈಸ್ ಎಂದರೆ ಪ್ಲಾಟ್‌ಫಾರ್ಮ್, ಆಬ್‌ಫಾರ್ಟ್ ಎಂದರೆ ಹೊರಡುವ ಹೊತ್ತು, ಔಸ್‌ಫಾಲ್ ಎಂದು ಕಂಡರೆ ರೈಲು ರದ್ದು. ಪ್ಲಾಟ್‌ಫಾರ್ಮಿನ ಉದ್ದಕ್ಕೂ ಎ, ಬಿ, ಸಿ, ಡಿ ಫಲಕಗಳಿವೆ. ಸೆಕೆಂಡ್ ಕ್ಲಾಸ್ ಬೋಗಿ ಯಾವ ಅಕ್ಷರದ ಎದುರು ನಿಲ್ಲುತ್ತದೆಂದು ಬೋರ್ಡೇ ಹೇಳುತ್ತದೆ. ಹಳದಿ ಪಟ್ಟಿ ಇರುವುದು ಫಸ್ಟ್ ಕ್ಲಾಸ್. ಬಾಗಿಲು ತಾನಾಗಿ ತೆರೆಯುವುದಿಲ್ಲ, ಬಟನ್ ಒತ್ತಬೇಕು. ಹೊರಡುವುದಕ್ಕೆ ಕೆಲವು ಸೆಕೆಂಡ್ ಮುಂಚೆ ಆ ಬಟನ್ ಸತ್ತುಹೋಗುತ್ತದೆ. ಆಮೇಲೆ ಎಷ್ಟು ಬಡಿದರೂ ಇಲ್ಲ.

ಗೇಟು, ತಪಾಸಣೆ ಯಾವುದೂ ಇಲ್ಲದೆ ರೈಲು ಹತ್ತಬಹುದು, ಟಿಕೆಟ್ ಕೇಳುವುದು ಒಳಗೆ. ಒಳಗೆ ಮಾರುವುದಿಲ್ಲ, ಇಲ್ಲದಿದ್ದರೆ ದಂಡ. ಪಾಸ್ ಇದ್ದವರು ಪಾಸ್‌ಪೋರ್ಟನ್ನೂ ಕೈಗೆಟುಕುವಂತೆ ಇಟ್ಟುಕೊಳ್ಳಿ, ಹೆಸರು ತಾಳೆ ನೋಡುತ್ತಾರೆ.

ಹತ್ತು ಹನ್ನೆರಡು ನಿಮಿಷಕ್ಕೆ ಜ್ಯೂರಿಕ್ ಮುಖ್ಯ ನಿಲ್ದಾಣ ಬರುತ್ತದೆ. ಅರ್ಧ ಬೋಗಿ ಖಾಲಿಯಾಗುತ್ತದೆ. ಅವರ ಹಿಂದೆ ನೀವೂ ಇಳಿಯಬೇಡಿ, ಇದೇ ರೈಲು ಬರ್ನ್‌ಗೆ ಹೋಗುತ್ತದೆ.

ಬರ್ನ್ ಮತ್ತು ಸ್ಪೀಟ್ಸ್: ತಪ್ಪುವುದು ಇಲ್ಲೇ

ಜ್ಯೂರಿಕ್–ಬರ್ನ್ ನಡುವೆ ಒಂದು ಗಂಟೆಗೆ ನಾಲ್ಕಾರು ನಿಮಿಷ ಕಮ್ಮಿ. ಆ ಕಮ್ಮಿಯ ಹಿಂದೆ ದೊಡ್ಡ ಲೆಕ್ಕವಿದೆ. 2004ರ ಡಿಸೆಂಬರಿನಲ್ಲಿ ಮಾಟ್‌ಸ್ಟೆಟನ್–ರೋಥ್‌ರಿಸ್ಟ್ ನಡುವೆ ಗಂಟೆಗೆ 200 ಕಿ.ಮೀ. ವೇಗದ ಹೊಸ ಹಳಿ ತೆರೆದದ್ದೇ ಪಯಣವನ್ನು ಒಂದು ಗಂಟೆಯೊಳಗೆ ತರಲು. ಹಾಗೆ ತಂದರೆ ನಾನಾ ಕಡೆಯ ರೈಲುಗಳು ಗಡಿಯಾರದಲ್ಲಿ ಗಂಟೆ ಇಲ್ಲವೇ ಅರ್ಧ ಗಂಟೆ ಆಗುವುದಕ್ಕೆ ಸ್ವಲ್ಪ ಮುಂಚೆ ಬರ್ನ್ ಸೇರಿ, ಸ್ವಲ್ಪ ಆದಮೇಲೆ ಹೊರಡಬಹುದು. ಆ ನಡುವಿನ ಕೆಲವು ನಿಮಿಷಗಳಲ್ಲಿ ಜನ ರೈಲು ಬದಲಿಸುತ್ತಾರೆ. ಆದ್ದರಿಂದ ಒಂದು ತಪ್ಪಿದರೂ ಸಾಮಾನ್ಯವಾಗಿ ಅರ್ಧ ಗಂಟೆಗೆ ಇನ್ನೊಂದು ದಾರಿ ಇರುತ್ತದೆ. 23 ಕಿಲೋ ಸೂಟ್‌ಕೇಸ್ ಎಳೆದುಕೊಂಡು, ಮಂಡಿನೋವಿನ ಅಮ್ಮನನ್ನು ಕರೆದುಕೊಂಡು ಓಡುವ ಅಗತ್ಯವಿಲ್ಲ. ಮಾಮೂಲಿ ಟಿಕೆಟ್ ಇರಲಿ ಎಂದದ್ದು ಇದಕ್ಕೇ.

ಬರ್ನ್‌ನಿಂದ ದಕ್ಷಿಣಕ್ಕೆ ಎರಡು ಬಗೆಯ ರೈಲುಗಳಿವೆ. ಒಂದು ಥೂನ್, ಸ್ಪೀಟ್ಸ್ ಮುಟ್ಟಿ ನೇರ ಇಂಟರ್‌ಲಾಕನ್ ಓಸ್ಟ್‌ಗೆ, ಒಂದು ಗಂಟೆಗೆ ಸ್ವಲ್ಪ ಕಮ್ಮಿ. ಇನ್ನೊಂದು ಬ್ರಿಗ್ ಎಂಬ ಊರಿನದು. ಅದರಲ್ಲಿ ಕೂತರೆ ಸ್ಪೀಟ್ಸ್‌ನಲ್ಲಿ ಇಳಿದು ರೈಲು ಬದಲಿಸಲೇಬೇಕು. ವಿಮಾನದ ನಿದ್ದೆಗೆಟ್ಟವರು ಇಲ್ಲೇ ತೂಕಡಿಸುವುದು. ಸ್ಪೀಟ್ಸ್ ದಾಟಿದರೆ ರೈಲು 2007ರಲ್ಲಿ ತೆರೆದ, 34.6 ಕಿ.ಮೀ. ಉದ್ದದ ಲೋಟ್ಷ್‌ಬರ್ಗ್ ಸುರಂಗಕ್ಕೆ ನುಗ್ಗುತ್ತದೆ. ಮುಂದೆ ನಿಲ್ಲುವುದು ಬೆಟ್ಟದ ಆಚೆ, ವಿಸ್ಪ್‌ನಲ್ಲಿ. ಹೋಗಿ ಬರುವುದರಲ್ಲಿ ಒಂದು ಗಂಟೆಗೂ ಮೇಲೆ ಪೋಲು. ಬರ್ನ್ ಬಿಟ್ಟು 25 ನಿಮಿಷಕ್ಕೆ ಮೊಬೈಲಿನಲ್ಲಿ ಅಲಾರಂ ಇಟ್ಟುಬಿಡಿ.

ನೇರ ರೈಲು ಸಿಕ್ಕರೆ ಹೋಗುವ ದಿಕ್ಕಿಗೆ ಎಡಗಡೆ ಕಿಟಕಿ ಹಿಡಿಯಿರಿ. ಥೂನ್ ಕಳೆದ ಮೇಲೆ ಕೆರೆ ಆ ಕಡೆಗೇ ಬರುತ್ತದೆ. ಸಿಕ್ಕ ಸಿಕ್ಕ ನಿಲ್ದಾಣಗಳ ಗಡಿಯಾರ ಗಮನಿಸಿ: ಅದರ ಕೆಂಪು ಸೆಕೆಂಡ್ ಮುಳ್ಳು ಒಂದು ಸುತ್ತನ್ನು ಐವತ್ತೆಂಟೂವರೆ ಸೆಕೆಂಡಿಗೇ ಮುಗಿಸಿ, ಹನ್ನೆರಡರ ಮೇಲೆ ಉಸಿರು ಬಿಗಿಹಿಡಿದು ನಿಂತು, ಸಂಕೇತ ಬಂದ ಕೂಡಲೇ ಮುಂದಕ್ಕೆ ಹಾರುತ್ತದೆ.

ಇಂಟರ್‌ಲಾಕನ್ ವೆಸ್ಟ್ ಮೊದಲು ಬರುತ್ತದೆ. ಇಳಿಯಬೇಡಿ. ಬೆಟ್ಟದ ರೈಲುಗಳಿರುವುದು ಓಸ್ಟ್‌ನಲ್ಲಿ, ಅಂದರೆ ಪೂರ್ವದಲ್ಲಿ.

ಬೆಟ್ಟದ ರೈಲು

ಓಸ್ಟ್‌ನಲ್ಲಿ ಹತ್ತುವ ರೈಲು ಸ್ವೈಲ್ಯುಟ್ಷಿನನ್‌ನಲ್ಲಿ ಎರಡು ಪಾಲಾಗುತ್ತದೆ. ಒಂದು ಪಾಲು ಗ್ರಿಂಡೆಲ್‌ವಾಲ್ಡ್‌ಗೆ, ಇನ್ನೊಂದು ಲೌಟರ್‌ಬ್ರುನ್ನನ್‌ಗೆ. ಪ್ರತಿ ಬೋಗಿಯ ಮೇಲೆ ಊರಿನ ಹೆಸರು ಬರುತ್ತದೆ, ಓದಿಯೇ ಹತ್ತಿ. ಮಕ್ಕಳು ಸೀಟಿಗೆಂದು ಮುಂದಿನ ಬೋಗಿಗೆ ಓಡಿದರೆ ಅವರು ಒಂದು ಕಣಿವೆ, ನೀವು ಇನ್ನೊಂದು ಕಣಿವೆ. ಲೌಟರ್‌ಬ್ರುನ್ನನ್‌ಗೆ 20 ನಿಮಿಷ.

ಅಲ್ಲಿ ಎದುರಿಗೇ ವೆಂಗನ್ ರೈಲು. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ 50 ಅಡಿ ಸಾಗಿದರೆ 1 ಅಡಿ ಏರು, ಅದಕ್ಕೇ ಗೂಡ್ಸ್ ರೈಲಿಗೆ ಹಿಂದಿನಿಂದ ಎಂಜಿನ್ ಕೊಟ್ಟು ತಳ್ಳುತ್ತಾರೆ. 1893ರಿಂದ ಓಡುತ್ತಿರುವ ಈ ವೆಂಗರ್ನಾಲ್ಪ್ ಹಳಿಯ ಅತಿ ಕಡಿದಾದ ಜಾಗದಲ್ಲಿ 4 ಅಡಿಗೇ 1 ಅಡಿ ಏರು. ಬರಿ ಚಕ್ರ ಜಾರಿಬಿಡುತ್ತದೆ. ಅದಕ್ಕಾಗಿ ಎರಡು ಕಂಬಿಗಳ ನಡುವೆ ಹಲ್ಲಿನ ಮೂರನೇ ಕಂಬಿ ಹಾಸಿ, ಎಂಜಿನ್ನಿನ ಹಲ್ಲುಚಕ್ರ ಅದನ್ನು ಕಚ್ಚಿಕೊಂಡು ಹತ್ತುವಂತೆ ಮಾಡಿದ್ದಾರೆ. ನಿಮಗೆ ಇದರಿಂದ ತಿಳಿಯಬೇಕಾದದ್ದು ಒಂದೇ: ಚಕ್ರದ ಸೂಟ್‌ಕೇಸನ್ನು ನೆಟ್ಟಗೆ ನಿಲ್ಲಿಸಿದರೆ ಅದು ಬೋಗಿಯ ಕೆಳತುದಿಗೆ ಉರುಳುತ್ತದೆ. ಮಲಗಿಸಿ, ಇಲ್ಲವೇ ಲಗೇಜಿನ ಜಾಗಕ್ಕೆ ಹಾಕಿ. 14 ನಿಮಿಷಕ್ಕೆ ವೆಂಗನ್. ಹೋಟೆಲಿಗೆ ಮುಂಚೆಯೇ ರೈಲಿನ ಹೊತ್ತು ಬರೆದಿದ್ದರೆ, ಆ ಸೌಲಭ್ಯ ಇರುವವರು ಬ್ಯಾಟರಿ ಗಾಡಿ ಕಳಿಸುತ್ತಾರೆ.

ವಿಮಾನ ರಾತ್ರಿ ಎಂಟರ ಮೇಲೆ ಇಳಿಯುವುದಾದರೆ ಕೊನೆಯ ರೈಲುಗಳನ್ನು ನಂಬಿ ಹೊರಡಬೇಡಿ, ಜ್ಯೂರಿಕ್‌ನಲ್ಲೇ ಉಳಿಯಿರಿ. ವಾಪಸ್ ಬರುವಾಗಿನ ಲೆಕ್ಕವೂ ಇಷ್ಟೇ: ರೈಲಿಗೆ ಮೂರು ಗಂಟೆ, ಒಂದು ರೈಲು ತಪ್ಪಿದರೆ ಎಂದು ಅರ್ಧ ಗಂಟೆ, ವಿಮಾನ ನಿಲ್ದಾಣಕ್ಕೆ ಮೂರು ಗಂಟೆ. ಮಧ್ಯಾಹ್ನ ಎರಡರ ವಿಮಾನಕ್ಕೆ ಬೆಳಿಗ್ಗೆ ಏಳೂವರೆಗೆ ವೆಂಗನ್ ಬಿಡಬೇಕು. ಹನ್ನೊಂದಕ್ಕೆ ಮುಂಚಿನ ವಿಮಾನವಾದರೆ ಹಿಂದಿನ ಸಂಜೆಯೇ ಇಳಿದುಬಂದು ಜ್ಯೂರಿಕ್‌ನಲ್ಲಿ ಮಲಗಿ.