ಚಿಕಿತ್ಸೆ ಮುಗಿಸಿ ಬಂದ ಸಹೋದ್ಯೋಗಿಗೆ ಮೊದಲು ಕೆಲಸ ಕೊಡಿ

ಮೈಸೂರಿನ ಹೂಟಗಳ್ಳಿಯ ಕಾರ್ಖಾನೆ ಇರಲಿ, ಮಂಡ್ಯದ ಸರ್ಕಾರಿ ಕಚೇರಿ ಇರಲಿ, ಖಿನ್ನತೆಗೋ, ಮನಸ್ಸು ಒಮ್ಮೆ ಅತಿ ಉತ್ಸಾಹಕ್ಕೆ ಏರಿ ಇನ್ನೊಮ್ಮೆ ತೀರಾ ಕುಗ್ಗುವ ಬೈಪೋಲಾರ್ ಕಾಯಿಲೆಗೋ ಚಿಕಿತ್ಸೆ ಪಡೆದವರು ಮರಳಿ ಬರುವ ದಿನ ಎಲ್ಲರಿಗೂ ಒಂದೇ ಚಿಂತೆ: ಏನು ಮಾತಾಡೋದು? ಅದು ಆಮೇಲೆ ನೋಡೋಣ. ಮೊದಲು ಅವರ ಕೆಲಸ ಹೇಗಿರಬೇಕು ಎಂದು ಯೋಚಿಸಿ.

ಅವರು ಕೆಲಸಕ್ಕೆ ಮರಳುವ ವಾರಕ್ಕೆ ಮುಂಚೆ ಒಬ್ಬರು ಮಾತ್ರ ಫೋನ್ ಮಾಡಲಿ. ಮೇಲಧಿಕಾರಿಯಾದರೂ ಸರಿ, ಆಪ್ತರಾದರೂ ಸರಿ. ಶುರುವಿನಲ್ಲಿ ಯಾವ ಕೆಲಸ ಬೇಡ, ಇಲ್ಲಿ ಯಾರಿಗೆ ಎಷ್ಟು ಹೇಳಬಹುದು ಎಂದು ಕೇಳಿ. ‘ಏನೂ ಹೇಳಬೇಡಿ’ ಎಂದರೆ ಮುಗಿಯಿತು, ‘ರಜೆಯಲ್ಲಿದ್ರು, ಬಂದ್ರು’ ಅಷ್ಟೇ. ಚಿಕಿತ್ಸೆಯ ವಿವರ ಗುಟ್ಟಾಗಿರಬೇಕು ಎನ್ನುವ ಹಕ್ಕನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕೊಟ್ಟಿದೆ. ಡಾಕ್ಟರೇ ಬಾಯಿ ಬಿಡುವಂತಿಲ್ಲ, ಇನ್ನು ಕ್ಯಾಂಟೀನಿನಲ್ಲಿ ಕೂತ ನಾವ್ಯಾರು?

ನಂತರ ಸಮಯ. ಕೆಲವು ಮಾತ್ರೆಗಳಿಂದ ಬೆಳಗ್ಗೆ ಮಂಪರು ಇರುತ್ತದೆ, ಬಾಯಿ ಒಣಗುತ್ತದೆ, ಕೈ ನಡುಗುತ್ತದೆ. ಮಂಡ್ಯದಿಂದ ಮುಂಜಾನೆಯ ರೈಲು ಹಿಡಿದು ಮೈಸೂರಿಗೆ ಬರುವವರಿಗೆ ಒಂದು ಗಂಟೆ ತಡವಾಗಿ ಶುರುಮಾಡಲು ಬಿಟ್ಟರೆ ದೊಡ್ಡ ಅನುಕೂಲ. ನೈಟ್ ಶಿಫ್ಟ್ ಸದ್ಯಕ್ಕೆ ಬೇಡ. ನಿದ್ದೆ ಕೆಟ್ಟರೆ ಬೈಪೋಲಾರ್ ಮರುಕಳಿಸಬಹುದು. ದಸರಾ ಸಮಯದಲ್ಲಿ ಹೋಟೆಲ್‌ನವರು ಡಬಲ್ ಡ್ಯೂಟಿ ಹಾಕುವಾಗಲೂ ಇದು ನೆನಪಿರಲಿ. ಮಂಪರು ಇರುವವರನ್ನು ಯಂತ್ರದ ಮುಂದೆ ನಿಲ್ಲಿಸುವ ಮುಂಚೆ ಡಾಕ್ಟರ ಮಾತು ಬೇಕೇ ಬೇಕು. ಇದೆಲ್ಲ ಉಪಕಾರ ಅಂದುಕೊಳ್ಳಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಮಾನಸಿಕ ಕಾಯಿಲೆಯೂ ಇದೆ. ಆ ಕಾಯ್ದೆಯಡಿ ಬರುವ ನೌಕರರಿಗೆ ಇಂಥ ಹೊಂದಾಣಿಕೆ ಮಾಡಿಕೊಡುವುದು ಸರ್ಕಾರಿ ಕಚೇರಿಗಳ ಕರ್ತವ್ಯ.

ಎಲ್ಲರೂ ಎಡವುವುದು ಮುಂದಿನ ಹೆಜ್ಜೆಯಲ್ಲಿ. ‘ಪಾಪ, ಸುಮ್ನೆ ಕೂತಿರ್ಲಿ’ ಎಂದು ಇದ್ದ ಫೈಲೆಲ್ಲ ಬೇರೆಯವರ ಮೇಜಿಗೆ ಹಾಕುತ್ತೇವೆ. ನನ್ನನ್ನು ಕೇಳಿದರೆ, ಬೈಗುಳಕ್ಕಿಂತ ಜಾಸ್ತಿ ನೋಯಿಸುವುದು ಈ ಕರುಣೆಯೇ. ದಿನವಿಡೀ ಕೆಲಸವಿಲ್ಲದೆ ಕೂತವರಿಗೆ ‘ನನ್ನನ್ನು ಯಾರೂ ನಂಬುತ್ತಿಲ್ಲ’ ಎಂಬುದಷ್ಟೇ ಕಾಣುತ್ತದೆ. ಹಳೆಯ ಕೆಲಸದಲ್ಲೇ ಒಂದು ತುಂಡು ಕೊಡಿ, ಸಂಜೆಗೆ ಮುಗಿಯುವಂಥದ್ದು. ವಾರಕ್ಕೊಮ್ಮೆ ಒಟ್ಟಿಗೆ ಕೂತು ಹೆಚ್ಚಿಸಬಹುದಾ ಎಂದು ನೋಡಿ. ತಪ್ಪಾದರೆ ಬೇರೆಯವರಿಗೆ ಹೇಳುವ ಹಾಗೆಯೇ ಹೇಳಿ. ಪ್ರತಿ ತಪ್ಪಿಗೂ ‘ಮಾತ್ರೆ ತಗೊಂಡ್ರಾ?’ ಅನ್ನಬೇಡಿ.

ಇನ್ನು ಮಾತು. ‘ಬಂದಿದ್ದು ಒಳ್ಳೇದಾಯ್ತು, ಊಟಕ್ಕೆ ಒಟ್ಟಿಗೆ ಹೋಗೋಣ’ ಅಂದರೆ ಸಾಕು. ಯೋಗದ ಸಲಹೆ ಬೇಡ. ಮೈಸೂರಿನಲ್ಲಿ ಯೋಗ ಗುರುಗಳಿಗೆ ಬರವಿಲ್ಲ, ಬೇಕಾದರೆ ಅವರೇ ಹುಡುಕಿಕೊಳ್ಳುತ್ತಾರೆ. ‘ಮಾತ್ರೆ ಬಿಟ್ಬಿಡಿ’ ಎಂದಂತೂ ಹೇಳಲೇಬಾರದು. ಡಾಕ್ಟರನ್ನು ಕೇಳದೆ ತಟ್ಟನೆ ಬಿಟ್ಟರೆ ಕಾಯಿಲೆ ಮರಳಬಹುದು.

ಮತ್ತೆ ನಿದ್ದೆಗೆಡುತ್ತಿದ್ದಾರೆ, ಊಟ ಬಿಡುತ್ತಿದ್ದಾರೆ, ‘ನಾನಿದ್ದೇನು ಪ್ರಯೋಜನ’ ಎನ್ನುತ್ತಿದ್ದಾರೆ ಅನ್ನಿಸಿದರೆ ಪಕ್ಕಕ್ಕೆ ಕರೆದು ನೇರವಾಗಿ ಕೇಳಿ. ಸಾಯುವ ಯೋಚನೆ ಬರುತ್ತಿದೆಯಾ ಎಂದು ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಒಬ್ಬರನ್ನೇ ಬಿಡಬೇಡಿ. ಮನೆಯವರಿಗೆ ತಿಳಿಸಿ, ಹತ್ತಿರದ ಆಸ್ಪತ್ರೆಗೆ ಜೊತೆಯಲ್ಲೇ ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡಬಹುದು.

ಕೊನೆಗೆ ಹಾಜರಿ ಪುಸ್ತಕ. ಡಾಕ್ಟರನ್ನು ಕಾಣುವುದು ತಿಂಗಳುಗಟ್ಟಲೆ ಮುಂದುವರಿಯುತ್ತದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರ ನಡೆಯುವ ಮಾನಸಿಕ ಆರೋಗ್ಯದ ಮನೋಚೈತನ್ಯ ಕ್ಲಿನಿಕ್‌ಗೆ ಹೋಗುವವರಿದ್ದರೆ, ವಾರದ ಮೀಟಿಂಗನ್ನು ಬುಧವಾರಕ್ಕೆ ಹಾಕಿ. ಯಾಕೆ ಎಂದು ಯಾರಿಗೂ ವಿವರಿಸಬೇಕಿಲ್ಲ.